ಮಳೆ ಬಂದಾಗ ಮಾಯವಾದ ಗೆರೆಗಳು

ಕಳೆದ ವಾರ ಫೋನಿನ ಒಡೆದ ಗಾಜು ಬದಲಿಸಲು ಅಂಧೇರಿ ಸ್ಟೇಷನ್ನಿನ ಪೂರ್ವಕ್ಕಿರುವ ರಿಪೇರಿ ಅಂಗಡಿಗಳ ಗಲ್ಲಿಗೆ ಹೋಗಿದ್ದೆ. ಕಪಾಟಿನಷ್ಟೇ ಅಗಲದ ಒಂದು ಅಂಗಡಿಯಲ್ಲಿ ಕನ್ನಡಕದವನೊಬ್ಬ ಯಾರದೋ ಫೋನು ಬಿಚ್ಚಿ ಅದರ ಮೇಲೆ ಬಿಸಿಗಾಳಿ ಹಿಡಿದಿದ್ದ. ಬೆಸುಗೆಗೆ ಮುಂಚೆ ಸವರುವ ರಾಳ ಕಾದು ಹೊಗೆಯಾಗಿತ್ತು. ಸಿಹಿಯಾಗಿ ಬಂದು ಆಮೇಲೆ ಗಂಟಲಲ್ಲಿ ಕೆರೆಯುವ ಹೊಗೆ ಅದು. ನಾನು ಗಲ್ಲಿಯ ನಡುವೆಯೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದವರು ಗೊಣಗಿಕೊಂಡು ಸುತ್ತಿ ಹೋದರು. ಆ ಒಂದು ಮಳೆಗಾಲವನ್ನು ನೆನೆಯಬಾರದೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮೂಗು ಯಾರ ಮಾತೂ ಕೇಳುವುದಿಲ್ಲ.

ಆಗ ನಾನು ಅಂಧೇರಿಯ ಒಂದು ಚಿಕ್ಕ ಕಂಪನಿಯಲ್ಲಿದ್ದೆ. ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಮೂರನೇ ಮಹಡಿ. ಕೆಳಗೆ ಪ್ರಿಂಟಿಂಗ್ ಪ್ರೆಸ್, ಮೇಲೆ ಸೀರಿಯಲ್ಲುಗಳಿಗೆ ಬಟ್ಟೆ ಹೊಲಿಯುವವರು. ನಡುವೆ ನಾವು ಇಪ್ಪತ್ತೈದು ಜನ ಸೇರಿ, ಒಬ್ಬರೇ ಹೊತ್ತೊಯ್ಯಬಹುದಾದ ಎಕ್ಸ್‌ರೇ ಯಂತ್ರ ಮಾಡುತ್ತಿದ್ದೆವು. ದೊಡ್ಡ ಆಸ್ಪತ್ರೆಗೆ ಹೋಗಲಾಗದವರ ಓಣಿಗೇ ಒಯ್ದು, ಎದೆಯ ಚಿತ್ರ ತೆಗೆದು, ಟಿಬಿ ಇದೆಯೋ ಇಲ್ಲವೋ ನೋಡುವ ಯಂತ್ರ. ಅದರೊಳಗಿನ ಬೋರ್ಡಿಗೆ ಪ್ರೋಗ್ರಾಂ ಬರೆಯುವವಳು ನಾನು. ಅದೇ ಬೋರ್ಡಿನ ಮೇಲೆ ಕೈಯಿಂದ ಬೆಸುಗೆ ಹಾಕುವವರು ದಸ್ತಗೀರ್ ಕಾಕಾ.

ಕಾಕಾ ನನಗೆ ಪರಿಚಯವಾದದ್ದು ಒಂದು ಬೈಗುಳದಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಸುಗೆ ಹಾಕುವ ಬಿಸಿ ಕಡ್ಡಿ ಬೆರಳಿಗೆ ತಾಗಿ, ಯಾರಿಗೂ ತಿಳಿಯದೆಂಬ ಧೈರ್ಯದ ಮೇಲೆ ಕನ್ನಡದಲ್ಲಿ ಬೈದುಕೊಂಡೆ. ಪಕ್ಕದ ಮೇಜಿನಿಂದ ಬಿಳಿಗಡ್ಡದವರೊಬ್ಬರು ಮೈಕ್ರೋಸ್ಕೋಪಿನಿಂದ ತಲೆ ಎತ್ತದೆಯೇ ಕೇಳಿದರು.

“ಯಾವ ಊರವ್ವಾ ನಿಂದು?”

“ಗೋರೆಗಾಂವ್.”

“ಅದು ಹೊಟ್ಟಿ ಊರು. ಮಾತಿನ ಊರು ಯಾವ್ದು?”

“ಅಪ್ಪಂದು ಸಿಂದಗಿ ಕಡೆ.”

“ನಂದು ಇಂಡಿ. ಮಗ್ಗಲದಾಗ ಆತು ಬಿಡು.”

ಅಪ್ಪ ಸಿಂದಗಿಯಿಂದ ಬಂದು ಗೋರೆಗಾಂವಿನ ಎತ್ತರೆತ್ತರದ ಬಿಲ್ಡಿಂಗುಗಳಿಗೆ ಸೆಂಟ್ರಿಂಗ್ ಹಲಗೆ ಕಟ್ಟಿದವರು. ಏಳನೇ ಇಯತ್ತೆಯವರೆಗೆ ನಾನು ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಓದಿದೆ. ಅಪ್ಪ ತೀರಿಕೊಂಡ ಮೇಲೆ ಸಿಂದಗಿಯ ಮಾತನ್ನು ಆ ರಾಗದಲ್ಲಿ ನನ್ನೊಡನೆ ಆಡುವವರು ಯಾರೂ ಇರಲಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ನಾನು ಶೈಲಾ ಮ್ಯಾಡಮ್. ಕಾಕಾ ಒಬ್ಬರೇ ಶೈಲವ್ವಾ ಎನ್ನುತ್ತಿದ್ದರು. ಡಬ್ಬಿ ಬಿಚ್ಚುವಾಗ ಅವರ ಮನೆಯ ಶೇಂಗಾಹಿಂಡಿಯಲ್ಲಿ ನನಗೊಂದು ಪಾಲು ಇದ್ದೇ ಇರುತ್ತಿತ್ತು.

ಅವರ ಕೆಲಸವನ್ನು ನೋಡುವುದೇ ಒಂದು ನೆಮ್ಮದಿ. ಮೆಮರಿ ಚಿಪ್ಪಿನ ಹೊಟ್ಟೆಯಡಿ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡುಗಳು ಸಾಲಾಗಿ ಇರುತ್ತವೆ. ಚಿಪ್ಪನ್ನು ಬೋರ್ಡಿನ ಮೇಲಿಟ್ಟು ಬಿಸಿಗಾಳಿ ಬಿಟ್ಟರೆ ಅವೆಲ್ಲ ಒಟ್ಟಿಗೆ ಕರಗಬೇಕು, ಒಂದಕ್ಕೊಂದು ಅಂಟಬಾರದು. ಕರಗಿದವೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ. ಕಾಕಾ ಉಸಿರು ಹಿಡಿದು, ಚಿಮಟದ ತುದಿಯಿಂದ ಚಿಪ್ಪನ್ನು ಒಂದು ಕೂದಲಿನಷ್ಟು ಪಕ್ಕಕ್ಕೆ ನೂಕುತ್ತಿದ್ದರು. ಸರಿಯಾಗಿ ಕರಗಿದ್ದರೆ ಅದು ತಾನೇ ತೇಲಿಕೊಂಡು ಹಿಂದಿರುಗಿ ತನ್ನ ಜಾಗದಲ್ಲಿ ಕೂರುತ್ತಿತ್ತು. “ಮನಿಗೆ ಬಂತು,” ಎಂದು ಆಗ ಉಸಿರು ಬಿಡುತ್ತಿದ್ದರು.

ಆ ವರ್ಷ ಚಿಪ್‌ಗಳಿಗೆ ಎಲ್ಲ ಕಡೆ ಬರ. ನಮಗೆ ಬೇಕಾದ ಮೆಮರಿ ಸಿಗದೆ, ಚಿಕ್ಕ ಮೆಮರಿ ಹಾಕಿದ ಬೋರ್ಡುಗಳನ್ನೇ ತರಿಸಿದ್ದರು. ಸರಿಯಾದ ಚಿಪ್ ಸಿಕ್ಕ ಮೇಲೆ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವ ಕೆಲಸ ಕಾಕಾನ ಮೇಲೆ ಬಿತ್ತು. ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಒಂದೊಂದೇ ಬೋರ್ಡು ಮುಗಿಸಿದರು. ಆ ಹೊತ್ತಿನಲ್ಲೇ ಒಂದು ದಿನ ನನ್ನನ್ನು ಕರೆದರು.

“ಶೈಲವ್ವಾ, ಸ್ವಲ್ಪ ಇದರಾಗ ನೋಡಿ ಹೇಳು. ಆ ಮೂಲ್ಯಾಗ ಎರಡು ಗುಂಡು ಕೂಡ್ಯಾವೇನು?”

ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕೂಡಿರಲಿಲ್ಲ. ನಡುವೆ ಸ್ಪಷ್ಟ ಬಿಡುವು ಇತ್ತು.

“ಎಡಗಣ್ಣಿಗೆ ಮಂಜು ಬಂದಂಗ ಆಗೇದ,” ಎಂದರು. “ಯಾರ ಮುಂದನೂ ಅನಬ್ಯಾಡ. ಮಳಿಗಾಲ ಮುಗೀಲಿ, ತೋರಸ್ತೀನಿ.”

ಆಮೇಲೆ ದಿನಕ್ಕೊಮ್ಮೆಯಾದರೂ ಕರೆಯುತ್ತಿದ್ದರು. ನಾನು ನೋಡಿದ ಒಂದು ಬೆಸುಗೆಯೂ ಕೆಟ್ಟಿರಲಿಲ್ಲ. ಇದನ್ನು ಈಗ ಒತ್ತಿ ಹೇಳುತ್ತಿದ್ದೇನೆ. ಹೇಳಬೇಕಾಗಿದ್ದ ದಿನ ಹೇಳಲಿಲ್ಲ.

ಇಲ್ಲಿ ನನ್ನ ಕೆಲಸದ ಬಗ್ಗೆಯೂ ನಾಲ್ಕು ಮಾತು ಬೇಕು. ಎಕ್ಸ್‌ರೇ ಚಿತ್ರ ಮೊದಲು ಮೆಮರಿಯಲ್ಲಿ ಹೋಗಿ ಕೂರುತ್ತದೆ. ಪ್ರೊಸೆಸರ್ ಅದನ್ನು ಅಲ್ಲಿಂದ ಓದಿಕೊಳ್ಳಬೇಕು. ಎರಡರ ನಡುವೆ ಕೂದಲೆಳೆಯಂಥ ತಾಮ್ರದ ದಾರಿಗಳಿವೆ. ಎಂಟು ದಾರಿಗಳಲ್ಲಿ ಅಂಕಿಗಳು ಓಡಿ ಬರುತ್ತವೆ, ಅವುಗಳ ಜೊತೆಯ ಇನ್ನೊಂದರಲ್ಲಿ ‘ಈಗ ನೋಡು, ಈಗ ನೋಡು’ ಎನ್ನುವ ಮಿಡಿತ ಬರುತ್ತದೆ. ಒಂದು ಅಂಕಿ ಸ್ಥಿರವಾಗಿ ನಿಲ್ಲುವುದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಮಿಡಿತ ಆ ಹೊತ್ತಿನ ನಟ್ಟನಡುವೆ ಬೀಳಬೇಕು. ತುಸು ಆಚೀಚೆಯಾದರೂ ಓದಿದ್ದು ತಪ್ಪಾಗುತ್ತದೆ. ಅದಕ್ಕಾಗಿ ಯಂತ್ರವನ್ನು ಹಚ್ಚಿದ ಕೂಡಲೇ ಪ್ರೊಸೆಸರ್ ಆ ಮಿಡಿತವನ್ನು ಹಿಂದೆ ಮುಂದೆ ಸರಿಸಿ, ಎಲ್ಲಿಂದ ಎಲ್ಲಿಯವರೆಗೆ ಓದಲು ಬರುತ್ತದೆಂದು ಪರೀಕ್ಷಿಸಿ, ನಡುವಿನ ಜಾಗ ಹುಡುಕಿ ನಿಲ್ಲಿಸುತ್ತದೆ. ಬಿಸಿ ಏರಿದಂತೆ ಆ ನಡು ತಾನೇ ಜರುಗುವುದರಿಂದ, ಕೆಲಸದ ನಡುವೆಯೂ ಆಗಾಗ ಮತ್ತೆ ಹೊಂದಿಸಿಕೊಳ್ಳುವ ಏರ್ಪಾಡು ಇರುತ್ತದೆ. ಎರಡನ್ನೂ ಬರೆದವಳು ನಾನು.

ಮೇ ತಿಂಗಳಲ್ಲಿ ಯಂತ್ರಗಳು ಕ್ಲಿನಿಕ್ಕುಗಳಿಗೆ ಹೋದವು. ಒಂದು ಧಾರಾವಿಗೆ ಹೋಯಿತು. ಚರ್ಮದ ಚೀಲ ಹೊಲಿಯುವ ಕಾರ್ಖಾನೆಯ ಮೇಲೆ, ತಗಡಿನ ಮಾಡಿನ ಒಂದು ಕೋಣೆ. ಅಲ್ಲಿ ಯಂತ್ರ ನಡೆಸುವವಳು ರೇಷ್ಮಾ. ಧಾರಾವಿಯಲ್ಲೇ ಹುಟ್ಟಿದವಳು, ಅಪ್ಪ ಅಮ್ಮ ಕಲಬುರಗಿ ಕಡೆಯವರು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಆಡಲು ಹೋದರೆ ಅರ್ಧ ದಾರಿಯಲ್ಲೇ ಹಿಂದಿಗೆ ಇಳಿದುಬಿಡುತ್ತಿದ್ದಳು.

ಮೇ ಕೊನೆಯ ವಾರ ಅವಳ ಫೋನು ಬಂತು. “ದೀದಿ, ಫೋಟೋದಲ್ಲಿ ಗೆರೆ ಬರ್ತಾ ಇದೆ. ಬಿಳಿ ಬಿಳಿ. ಬಂದ್ ಕರ್ ಕೆ ಚಾಲೂ ಕಿಯಾ ತೋ ಠೀಕ್ ಆಯ್ತು. ಮತ್ತೆ ನಾಳೆ ಬರ್ತದೆ.”

ಹೋಗಿ ನೋಡಿದೆ. ಪಕ್ಕೆಲುಬುಗಳ ಮೇಲೆ ಹಾದು ಅಡ್ಡಡ್ಡ ಬಿಳಿ ಗೆರೆಗಳು, ಯಾರೋ ಬಾಚಣಿಗೆಯಿಂದ ಕೆರೆದ ಹಾಗೆ. ಅಂಥ ಚಿತ್ರದಲ್ಲಿ ಶ್ವಾಸಕೋಶದ ಕಲೆಯನ್ನು ಯಾವ ಡಾಕ್ಟರೂ ಓದಲಾರರು. ಯಂತ್ರ ಆರಿಸಿ ಹಚ್ಚಿದರೆ ಗೆರೆ ಹೋಗುತ್ತಿತ್ತು, ಆದರೆ ತೆಗೆದ ಚಿತ್ರವೂ ಹೋಗುತ್ತಿತ್ತು. ರೋಗಿಯನ್ನು ಮತ್ತೆ ನಿಲ್ಲಿಸಬೇಕು. ಆ ದಿನ ಒಬ್ಬ ಮುದುಕಿ, ಮೂರು ತಿಂಗಳಿಂದ ಕೆಮ್ಮುತ್ತಿದ್ದವರು, ಎರಡು ಸಲ ನಿಂತರು. ಮೊದಲ ಚಿತ್ರ ಉಳಿಯಲೆಂದು ನಡುವೆ ಯಂತ್ರ ಆರಿಸಿರಲಿಲ್ಲ, ಎರಡು ಸಲವೂ ಗೆರೆ. ಮೂರನೆಯ ಸಲ ನಿಲ್ಲಿಸಲು ಡಾಕ್ಟರು ಒಪ್ಪಲಿಲ್ಲ, ನಾಳೆ ಬನ್ನಿ ಎಂದರು. ಮುದುಕಿ ಸೆರಗು ಹೊದ್ದುಕೊಂಡು ಕಬ್ಬಿಣದ ಏಣಿಯನ್ನು ಹಿಮ್ಮುಖವಾಗಿ ಇಳಿದರು. ನಾಳೆ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ರೇಷ್ಮಾ ಅವರ ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಇಟ್ಟಿದ್ದಳು. ವಿಳಾಸದ ಜಾಗದಲ್ಲಿ ‘ಮಸೀದಿ ಹಿಂದೆ’ ಎಂದಷ್ಟೇ ಇತ್ತು.

ಜೂನ್ ಮೊದಲ ವಾರ ನಾಲ್ಕು ಕಡೆಯಿಂದ ಅದೇ ದೂರು ಬಂತು. ಮಳೆಗೆ ಮುಂಚಿನ ಮುಂಬೈ ಹೇಗಿರುತ್ತದೆಂದು ಇಲ್ಲಿದ್ದವರಿಗೆ ಗೊತ್ತು. ಆಕಾಶ ಮುಚ್ಚಿರುತ್ತದೆ, ಹನಿ ಬೀಳುವುದಿಲ್ಲ, ಒಣಗಲು ಹಾಕಿದ ಬಟ್ಟೆ ಸಂಜೆಗೂ ಒದ್ದೆ. ನಾನು ಬೋರ್ಡುಗಳನ್ನು ತಂದು ಆಫೀಸಿನ ಎಸಿಯಲ್ಲಿಟ್ಟು ಇಡೀ ದಿನ ಓಡಿಸಿದೆ. ಒಂದೂ ಗೆರೆ ಬರಲಿಲ್ಲ. ಬಿಸಿಯೇ ಕಾರಣವಿರಬಹುದೆಂದು ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟು, ಬೋರ್ಡು ಮುಟ್ಟಲಾಗದಷ್ಟು ಕಾದ ಮೇಲೆ ಹಚ್ಚಿ ನೋಡಿದೆ. ಆಗಲೂ ಚಿತ್ರ ಕನ್ನಡಿಯಂತೆ ಬಂತು. ಇನ್ನಷ್ಟು ಕಾಯಿಸಿ, ಆರಿಸಿ, ಹಚ್ಚಿ ಮತ್ತೆ ನೋಡಿದೆ. ಸರಿಯಾಗಿಯೇ ಇತ್ತು. ‘ಬಿಸಿಯಿಂದಲ್ಲ’ ಎಂದು ವರದಿಯಲ್ಲಿ ಬರೆದೆ.

ರೇಷ್ಮಾ ಮಾತ್ರ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು. “ದೀದಿ, ಬೆಳಿಗ್ಗೆ ಬಂದು ಇಲ್ಲೇ ಕೂತುಕೊಳ್ಳಿ ನಾ. ಪೂರಾ ದಿನ. ಮಧ್ಯಾಹ್ನಕ್ಕೇ ಬರ್ತದೆ ಅದು.” ಒಂದಿಡೀ ದಿನ ಕ್ಲಿನಿಕ್ಕಿನಲ್ಲಿ ಸುಮ್ಮನೆ ಕೂರಲು ನನಗೆ ಬಿಡುವಿರಲಿಲ್ಲ.

ಆರಿಸಿ ಹಚ್ಚಿದರೆ ಸರಿಹೋಗುತ್ತದೆ, ಆಗಾಗ ಬರುತ್ತದೆ, ಆಫೀಸಿನಲ್ಲಿ ಬರುವುದಿಲ್ಲ. ಇಂಥದ್ದಕ್ಕೆ ನಮ್ಮ ಕಸುಬಿನಲ್ಲಿ ಎಲ್ಲರೂ ಮೊದಲು ಹೇಳುವ ಕಾರಣ ಒಂದೇ. ಬೆಸುಗೆ ಸರಿಯಾಗಿ ಹಿಡಿದಿಲ್ಲ. ಕಂಪನಿಯ ಮಾಲೀಕ ಮೆಹ್ತಾ ಸರ್ ಧಾರಾವಿಯ ಬೋರ್ಡನ್ನು ಹೊರಗೆ ಕಳಿಸಿ, ಅದರದೇ ಎಕ್ಸ್‌ರೇ ತೆಗೆಸಿದರು. ಮೆಮರಿಯ ಕೆಳಗೆ ಎರಡು ಗುಂಡುಗಳ ಒಳಗೆ ಸಣ್ಣ ಗುಳ್ಳೆಗಳು ಕಂಡವು. ಅಂಥ ಗುಳ್ಳೆ ಯಂತ್ರ ಹಾಕಿದ ಬೆಸುಗೆಯಲ್ಲೂ ಇರುತ್ತದೆ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೆ ಎರಡು ವಾರ ಏನೂ ಕಾಣದೆ ತಡಕಾಡಿದವರಿಗೆ, ಕಣ್ಣಿಗೆ ಕಂಡದ್ದೇ ಉತ್ತರವಾಗುತ್ತದೆ.

ಮೆಹ್ತಾ ಸರ್ ನನ್ನನ್ನು ಕೋಣೆಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಕಾಕಾನನ್ನು ಹದಿನೆಂಟು ವರ್ಷದಿಂದ ಇಟ್ಟುಕೊಂಡವರು ಅವರೇ. ಬಾಗಿಲು ಹಾಕಿ ಹಿಂದಿಯಲ್ಲಿ ಕೇಳಿದರು: “ನಿಮ್ಮಿಬ್ಬರದೂ ಪಕ್ಕಪಕ್ಕದ ಮೇಜು. ದಸ್ತಗೀರ್ ಭಾಯಿಯ ಕಣ್ಣು ಸರಿ ಇದೆಯಾ?”

ಸುಳ್ಳು ಹೇಳಬಹುದಿತ್ತು. ಅಥವಾ ಪೂರ್ತಿ ಸತ್ಯ ಹೇಳಬಹುದಿತ್ತು. ಆ ದಿನ ನಾನೂ ಕಾರಣ ಸಿಗದೆ ಸೋತಿದ್ದೆ. ಒಳಗೊಳಗೇ, ಬೆಸುಗೆಯೇ ಕಾರಣವಾಗಲಿ ಎಂಬ ಆಸೆಯೂ ಇತ್ತೇನೋ. “ಇತ್ತೀಚೆಗೆ ನನ್ನನ್ನು ಕರೆದು ನೋಡಿಸಿಕೊಳ್ಳುತ್ತಾರೆ,” ಎಂದೆ. ‘ನಾನು ನೋಡಿದ್ದು ಒಂದೂ ಕೆಟ್ಟಿರಲಿಲ್ಲ’ ಎನ್ನುವ ಮಾತು ಬಾಯಿಗೆ ಬರುವಷ್ಟರಲ್ಲಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಹಾಗಾದರೆ ಅಷ್ಟೇ,” ಎಂದುಬಿಟ್ಟಿದ್ದರು. ನಾನು ಎದ್ದು ಬಂದೆ.

ಕಾಕಾನಿಗೆ ಯಾರೂ ಕೆಲಸ ಬಿಡಿ ಎನ್ನಲಿಲ್ಲ. ಕಣ್ಣು ತೋರಿಸಿಕೊಂಡು, ಆರಾಮ ಮಾಡಿ, ಆಮೇಲೆ ನೋಡೋಣ ಎಂದರು. ಆಮೇಲೆ ಎಂದರೆ ಏನೆಂದು ಎಲ್ಲರಿಗೂ ತಿಳಿದಿತ್ತು. ಮಧ್ಯಾಹ್ನ ಅವರು ತಮ್ಮ ಮೇಜನ್ನು ಸ್ಪಿರಿಟ್ಟಿನಿಂದ ಒರೆಸಿ, ಸ್ವಂತದ ಎರಡು ಚಿಮಟಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. ನಾನು ಕಂಪ್ಯೂಟರಿನ ಕಡೆ ಮುಖ ಮಾಡಿ ಕೂತಿದ್ದೆ. ಪಕ್ಕಕ್ಕೆ ಬಂದು ನಿಂತರು.

“ನೀ ಅಂದಿದ್ದು ಸಾಹೇಬ್ರು ಹೇಳಿದ್ರು.”

ನಾನು ಕುರ್ಚಿಯನ್ನು ಅವರ ಕಡೆ ತಿರುಗಿಸಿದೆ.

“ಸಿಟ್ಟಿಲ್ಲವ್ವಾ. ಖರೇನ ಹೇಳೀದಿ. ಎಕ್ಸ್‌ರೇ ನಾನೂ ನೋಡಿದ್ನಿ. ಗುಳ್ಳಿ ಇದ್ದಿದ್ದು ಖರೆ.”

“ಕಾಕಾ, ಅಂಥಾವು ಎಲ್ಲಾ ಕಡೆ ಇರ್ತಾವ.”

“ಇರ್ತಾವ. ಆದ್ರ ಗೆರಿ ಬಂದಿದ್ದು ನಾ ಮುಟ್ಟಿದ ಬೋರ್ಡಿನಾಗ ಹೌದಲ್ಲೋ?”

ಹೌದು ಎನ್ನದೆ ವಿಧಿ ಇರಲಿಲ್ಲ. ಅವರು ಮುಟ್ಟದ ಬೋರ್ಡೇ ಇರಲಿಲ್ಲ.

ಅವರು ಹೋದ ನಾಲ್ಕನೆಯ ದಿನ ಮಳೆ ಹಿಡಿಯಿತು. ಮೊದಲ ದಿನವೇ ಅಂಧೇರಿಯ ಸಬ್‌ವೇ ತುಂಬಿತು, ಲೋಕಲ್ಲುಗಳು ತಾಸುಗಟ್ಟಲೆ ನಿಂತವು, ಕೊಡೆ ಇದ್ದವರೂ ಇಲ್ಲದವರೂ ಒಂದೇ ಆದರು. ಗಾಳಿ ತಣ್ಣಗಾಯಿತು. ಧಾರಾವಿಯ ಬೋರ್ಡನ್ನು ತೆಗೆದು, ಹೊರಗಿನವರು ಯಂತ್ರದಲ್ಲಿ ಬೆಸುಗೆ ಹಾಕಿದ ಹೊಸ ಬೋರ್ಡೊಂದನ್ನು ಕೂರಿಸಿದ್ದರು. ಗೆರೆ ನಿಂತಿತು. ವಾರ ಕಳೆಯಿತು, ತಿಂಗಳು ಕಳೆಯಿತು, ಒಂದು ದೂರೂ ಬರಲಿಲ್ಲ. “ನೋಡಿದಿರಾ,” ಎಂದರು ಮೆಹ್ತಾ ಸರ್. ಗೆದ್ದ ದನಿಯಲ್ಲಲ್ಲ, ಬೇಸರದಿಂದಲೇ.

ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ದೂರು ಬಂದಿದ್ದ ನಾಲ್ಕರಲ್ಲಿ ಒಂದಾದ ಗೋವಂಡಿಯ ಕ್ಲಿನಿಕ್ಕಿನ ಬೋರ್ಡನ್ನು ಇನ್ನೂ ಬದಲಿಸಿರಲಿಲ್ಲ. ಅದರಲ್ಲೂ ಗೆರೆ ನಿಂತಿತ್ತು. ಜುಲೈಯಲ್ಲಿ ದೂರುಗಳ ಪಟ್ಟಿ ನೋಡುವಾಗ ಅದು ಹೊಳೆಯಿತು. ಕರ್ಸರ್ ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪಟ್ಟಿ ಮುಚ್ಚಿದೆ. ಗೆರೆ ಇಲ್ಲದ ಕಡೆ ಗೆರೆ ಏಕಿಲ್ಲ ಎಂದು ಕೇಳಲು ಯಾರು ಹೋಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗಸ್ಟಿನಲ್ಲಿ ಒಂದು ಸಂಜೆ ಅಂಧೇರಿ ಸ್ಟೇಷನ್ನಿನ ಸೇತುವೆಯ ಮೇಲೆ ಕಾಕಾ ಸಿಕ್ಕರು. ಮಳೆ ಜೋರಾಗಿ ಬಂದು ಜನ ಮೆಟ್ಟಿಲ ಮೇಲೇ ತುಂಬಿ ನಿಂತಿದ್ದರು. ಅವರ ಗಡ್ಡದಿಂದ ನೀರು ಇಳಿಯುತ್ತಿತ್ತು.

“ಗೆರಿ ನಿಂತಾವಂತಲ್ಲ?” ಎಂದರು. ಎರಡು ತಿಂಗಳ ಮೇಲೆ ಸಿಕ್ಕವರ ಮೊದಲ ಮಾತು ಅದು.

“ನಿಂತಾವ ಕಾಕಾ.”

“ಹಂಗಾರ ನನ್ನ ಕೈನ ಅದು.”

ಅಷ್ಟು ಗದ್ದಲದಲ್ಲಿ ಬಲಗೈಯನ್ನು ನನ್ನ ಮುಂದೆ ಚಾಚಿ ಹಿಡಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. “ಮೊದಲ ಇದು ಇರಲಿಲ್ಲ ನೋಡು. ನಿಂಗೂ ಗೊತ್ತೈತಿ. ಈಗ ಚಹಾದ ಕಪ್ ಹಿಡದ್ರೂ ಅಳ್ಳಾಡತೈತಿ. ಮೊಬೈಲ್ ಅಂಗಡಿಯಾಂವ ಒಬ್ಬ ಕರದಿದ್ದ, ಬ್ಯಾಡ ಅಂದ್ನಿ. ಮಂದೀದು ಯಾಕ ಕೆಡಸ್ಲಿ?”

ಈಗ ಏನು ಮಾಡುತ್ತೀರಿ ಎಂದೆ. ಧಾರಾವಿಯ ಗುಜರಿ ಗೋದಾಮಿನಲ್ಲಿ ಹಳೆಯ ಬೋರ್ಡುಗಳನ್ನು ಕಾವಲಿಯ ಮೇಲೆ ಕಾಯಿಸಿ ಚಿಪ್ ಉದುರಿಸುವ ಕೆಲಸ ಎಂದರು. “ಅದರಾಗ ಕೆಡಸೂದು ಏನೂ ಇಲ್ಲ. ಮೊದಲ ಕೆಟ್ಟಿದ್ದ ಅವು.” ಬೋರಿವಲಿ ಲೋಕಲ್ ಬಂತು. ಜನ ಒಮ್ಮೆಲೇ ಇಳಿದರು. ಗೋವಂಡಿಯ ಮಾತನ್ನು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ನೂಕುನುಗ್ಗಲಿನಲ್ಲಿ ನಾನು ಒಂದು ಕಡೆ, ಅವರು ಒಂದು ಕಡೆಯಾದೆವು. ನೂಕುನುಗ್ಗಲು ಒಂದು ನೆಪ, ಅಷ್ಟೇ.

ಮಳೆ ಸೆಪ್ಟೆಂಬರ್ ಕೊನೆಗೆ ಬಿಟ್ಟಿತು. ಅಕ್ಟೋಬರ್ ಬಿಸಿಲು ಬಂತು. ಎರಡನೆಯ ವಾರ ರೇಷ್ಮಾಳ ಫೋನು. “ದೀದಿ, ವೋ ಫಿರ್ ಸೆ ಬಂತು.”

ಅದು ಹೊರಗಿನವರು ಬೆಸುಗೆ ಹಾಕಿದ ಬೋರ್ಡು. ಕಾಕಾನ ಕೈ ಅದಕ್ಕೆ ಸೋಕಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಎಂಟೂವರೆಗೇ ಧಾರಾವಿಗೆ ಹೋದೆ. ರೇಷ್ಮಾ ಯಂತ್ರ ಹಚ್ಚುವ ಮುಂಚೆಯೇ ಲ್ಯಾಪ್‌ಟಾಪ್ ಜೋಡಿಸಿದೆ. “ಇವತ್ತು ಏನೇ ಆದರೂ ಆರಿಸಬೇಡ,” ಎಂದೆ. ಬೆಳಗಿನ ಗಾಳಿ ಇನ್ನೂ ತಂಪಾಗಿತ್ತು. ಯಂತ್ರ ತನ್ನ ಪರೀಕ್ಷೆ ಮಾಡಿಕೊಂಡು ಮಿಡಿತವನ್ನು ನಡುವೆ ನಿಲ್ಲಿಸಿತು. ಆ ಅಂಕಿಯನ್ನು ಬರೆದುಕೊಂಡೆ. ಹತ್ತಕ್ಕೆ ತಗಡು ಕಾಯತೊಡಗಿತು. ಕೆಳಗಿನಿಂದ ಚರ್ಮ, ಅಂಟಿನ ವಾಸನೆ ಮೇಲೇರಿತು. ರೋಗಿಗಳು ಬಂದು ನಿಂತರು, ಉಸಿರು ಹಿಡಿದರು, ಬಿಟ್ಟರು, ಹೋದರು. ನಾನು ಮೂಲೆಯಲ್ಲಿ ಕೂತೇ ಇದ್ದೆ. ಹನ್ನೆರಡಕ್ಕೆ ನನ್ನ ಕುರ್ತಾ ಬೆನ್ನಿಗಂಟಿತ್ತು. ಒಂದೂವರೆಗೆ, ಒಬ್ಬ ಜರಿ ಕೆಲಸದವನ ಎದೆಯ ಮೇಲೆ ಮೊದಲ ಬಿಳಿ ಗೆರೆ ಬಂತು.

ಮಿಡಿತದ ಅಂಕಿ ನೋಡಿದೆ. ಬೆಳಿಗ್ಗೆ ಎಂಟೂವರೆಗೆ ಎಷ್ಟಿತ್ತೋ ಅಷ್ಟೇ ಇತ್ತು. ಚಿಪ್ ಕಾದಿತ್ತು, ನಡು ಜರುಗಿತ್ತು, ಮಿಡಿತ ಮಾತ್ರ ಬೆಳಗಿನ ಜಾಗದಲ್ಲೇ ನಿಂತಿತ್ತು. ಆಗಾಗ ಹೊಂದಿಸಿಕೊಳ್ಳಬೇಕಾದ ಏರ್ಪಾಡು ಒಮ್ಮೆಯೂ ಎದ್ದಿರಲಿಲ್ಲ. ಮಳೆಗಾಲದ ತಂಪಿನಲ್ಲಿ ನಡು ಅಷ್ಟು ಜರುಗದ್ದರಿಂದ ಎಲ್ಲೂ ಗೆರೆ ಬಂದಿರಲಿಲ್ಲ.

ನನ್ನದೇ ಪ್ರೋಗ್ರಾಂ ತೆರೆದು ಹುಡುಕಿದೆ. ಎರಡು ನಿಮಿಷವೂ ಬೇಕಾಗಲಿಲ್ಲ. ಫೆಬ್ರವರಿಯಲ್ಲಿ ಡಾಕ್ಟರುಗಳ ಮುಂದೆ ಯಂತ್ರ ತೋರಿಸುವ ದಿನ, ಆ ಹೊಂದಾಣಿಕೆಯ ಕ್ಷಣಕ್ಕೆ ತೆರೆಯ ಮೇಲಿನ ಚಿತ್ರ ಸಣ್ಣಗೆ ಎಗರುತ್ತಿತ್ತು. ಅದು ಕಾಣಬಾರದು, ಬಂದ್ ಮಾಡಿ ಎಂದು ಮೆಹ್ತಾ ಸರ್ ಹೇಳಿದರು. ಏರ್ಪಾಡನ್ನು ಬಂದ್ ಮಾಡಿ, ಪಕ್ಕದಲ್ಲಿ ‘ಡೆಮೋಗೆ ಮಾತ್ರ’ ಎಂದು ಬರೆದಿಟ್ಟವಳು ನಾನೇ. ಆಮೇಲೆ ತೆಗೆದೆನೆಂದೇ ತಿಳಿದಿದ್ದೆ. ತೆಗೆದಿರಲಿಲ್ಲ. ಜೂನಿನಲ್ಲಿ ಆಫೀಸಿನಲ್ಲಿ ನಾನು ಬೋರ್ಡು ಕಾಯಿಸಿ ಹಚ್ಚಿದಾಗಲೆಲ್ಲ, ಅದು ಆ ಬಿಸಿಯಲ್ಲೇ ಹೊಸದಾಗಿ ಹೊಂದಿಸಿಕೊಳ್ಳುತ್ತಿತ್ತು. ಪ್ರತಿ ಸಲ ಆರಿಸಿ ಹಚ್ಚಿ, ಹುಡುಕುವ ಮುಂಚೆಯೇ ರೋಗವನ್ನು ನಾನೇ ವಾಸಿಮಾಡುತ್ತಿದ್ದೆ. ಬೆಳಗಿನ ತಂಪಿನಲ್ಲಿ ಹಚ್ಚಿ, ಮಧ್ಯಾಹ್ನದವರೆಗೆ ಆರಿಸದೆ ಕೂತು ನೋಡಿರಲೇ ಇಲ್ಲ. ರೇಷ್ಮಾ ಕೇಳಿದ್ದು ಅದನ್ನೇ.

ಆ ಸಾಲನ್ನು ಅಳಿಸಿ, ಯಂತ್ರ ಆರಿಸದೆಯೇ, ಏರ್ಪಾಡನ್ನು ಎಬ್ಬಿಸಿದೆ. ಅದೇ ಸೆಖೆ, ಅದೇ ಬೋರ್ಡು. ಗೆರೆ ಹೋಯಿತು. ರೇಷ್ಮಾ ಜರಿ ಕೆಲಸದವನನ್ನು ಮತ್ತೆ ನಿಲ್ಲಿಸಿದಳು. ಚಿತ್ರ ತಿಳಿಯಾಗಿ ಬಂತು.

“ಹೋ ಗಯಾ, ದೀದಿ?” ಎಂದಳು.

“ಹೂಂ.”

“ಇಷ್ಟೇನಾ ಇತ್ತು?”

ಅವಳ ಹಿಂದೆ ಮೊಳೆಗೆ ಸಿಕ್ಕಿಸಿದ ಚೀಟಿಗಳಲ್ಲಿ ಆ ಮುದುಕಿಯದೂ ಇತ್ತು. ತಿರುಗಿ ನೋಡಲಾಗಲಿಲ್ಲ.

ಆಫೀಸಿಗೆ ಹೋಗಿ ಮೆಹ್ತಾ ಸರ್ ಮುಂದೆ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಕಾಕಾನದಲ್ಲ ಎಂದೆ. ಬಂದ್ ಮಾಡಲು ಹೇಳಿದ್ದು ತಾವೇ ಎಂಬುದು ಅವರಿಗೂ ನೆನಪಾಗಿರಬೇಕು. ಎಲ್ಲ ಯಂತ್ರಗಳಿಗೂ ಹೊಸ ಪ್ರೋಗ್ರಾಂ ಕಳಿಸಿ ಎಂದರು. ಕ್ಲಿನಿಕ್ಕುಗಳಿಗೆ ‘ಸಾಫ್ಟ್‌ವೇರ್ ಸುಧಾರಣೆ’ ಎಂದು ಬರೆದರು. ಕಾಕಾನನ್ನು ಕರೆಯಿರಿ ಎಂದೆ. “ಕರೆದು ಎಲ್ಲಿ ಕೂರಿಸಲಿ, ಶೈಲಾ? ಆ ಕೆಲಸವೆಲ್ಲ ಈಗ ಹೊರಗೆ ಯಂತ್ರದಲ್ಲಿ ಆಗುತ್ತದೆ,” ಎಂದರು. ಕಾಕಾನ ಮೇಜಿನ ಜಾಗದಲ್ಲಿ ಆಗಲೇ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದರು. ಒಂದು ಕಾಗದವನ್ನಾದರೂ ಬರೆದು ಕೊಡಿ, ಅವರ ತಪ್ಪಿರಲಿಲ್ಲ ಎಂದು, ಅಂದೆ. ನೋಡೋಣ ಎಂದರು. ಡಿಸೆಂಬರಿನಲ್ಲಿ ನಾನು ಕೆಲಸ ಬಿಡುವವರೆಗೂ ಆ ಕಾಗದ ಬರಲಿಲ್ಲ.

ನಾನೇ ಹೋಗಿ ಹೇಳುವುದೊಂದು ಉಳಿದಿತ್ತು. ಆ ಶನಿವಾರ ಹೋದೆ. ಗುಜರಿ ಗೋದಾಮಿನ ಹೊರಗೆ ಕಾಕಾ ಗೋಣಿಚೀಲದ ಮೇಲೆ ಕೂತು, ಉದುರಿದ ಚಿಪ್‌ಗಳನ್ನು ಗಾತ್ರ ನೋಡಿ ಬುಟ್ಟಿಗಳಿಗೆ ಹಾಕುತ್ತಿದ್ದರು. ನನಗೂ ಒಂದು ಚೀಲ ಸರಿಸಿ, “ಕುಂದ್ರು” ಎಂದರು. ಎಲ್ಲ ಹೇಳಿದೆ. ಅವರು ನಡುವೆ ಒಂದೆರಡು ಪ್ರಶ್ನೆ ಕೇಳಿದರು, ಕಸುಬಿನವರು ಕೇಳುವಂಥವು.

“ಅಂದ್ರ ಗುಂಡು ಸರಿ ಹಿಡದಿದ್ವು?”

“ಎಲ್ಲಾ ಹಿಡದಿದ್ವು ಕಾಕಾ.”

“ಮಿಷಿನ್ ಈಗ ಛಲೋ ನಡದಾವೇನು?”

“ನಡದಾವ.”

“ಆತ ಬಿಡು.” ಕೈ ಒರೆಸಿಕೊಂಡರು. ಅವರ ಮುಖದಲ್ಲಿ ಹಗುರಾದದ್ದು ನನಗೆ ಏನೂ ಕಾಣಲಿಲ್ಲ. ಆಮೇಲೆ ಅಂದರು: “ನಂಗ ಹೇಳಿದಿ. ಮನ್ಯಾಗೂ ಒಮ್ಮೆ ಹೇಳು ಬಾ. ಅಕಿ ಮುಂದ ನಾನ, ನನ್ನ ಕೈಲಿಂದ ಕೆಡ್ತು ಅಂತ ಹೇಳೀನಿ.”

ಮನೆ ಎರಡು ಓಣಿ ಆಚೆ, ಅಟ್ಟದ ಮೇಲಿನ ಒಂದೇ ಕೋಣೆ. ಕಾಕಾನ ಹೆಂಡತಿ, ಕಾಕು, ಸ್ಟೋವಿನ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಡಬ್ಬಿಯ ಶೇಂಗಾಹಿಂಡಿಯಿಂದ ನನ್ನ ಹೆಸರು ಅವರಿಗೆ ಗೊತ್ತಿತ್ತು. ಮುಖ ಗೊತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ. ಮೆಮರಿ, ಮಿಡಿತ ಯಾವುದೂ ಬೇಕಾಗಲಿಲ್ಲ. “ಕಾಕಾನ ಕೈ ಏನೂ ತಪ್ಪು ಮಾಡಿಲ್ಲ ಕಾಕು. ತಪ್ಪು ನಂದು,” ಎಂದೆ.

ಅವರು ಹಿಟ್ಟಿನ ಕೈಯಲ್ಲೇ ನನ್ನನ್ನು ನೋಡಿದರು.

“ನಾಕು ತಿಂಗಳಾತು, ಚಾಕು ಹಿಡಿಯಾಕೂ ಅಂಜತಾರ ಇವ್ರು. ಉಳ್ಳಾಗಡ್ಡಿ ಹೆಚ್ಚಿ ಕೊಡ್ರಿ ಅಂದ್ರ, ನನ್ನ ಕೈ ಸರಿ ಇಲ್ಲ ಅಂತಾರ. ನಿಮ್ಮ ಕೈ ಸರಿ ಐತಿ ಅಂತ ನಾ ಎಷ್ಟ್ ಸಲ ಹೇಳಿಲ್ಲ.” ಕಾಕಾನ ಕಡೆ ತಿರುಗಿ, “ಈಗರೆ ಕೇಳಿದ್ರಿಲ್ಲೋ?” ಎಂದರು.

ಕಾಕಾ ಗೋಡೆಗೆ ಒರಗಿ ಕೂತಿದ್ದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು.

ಕಾಕು ಮತ್ತೆ ನನ್ನನ್ನು ಕೇಳಿದರು. ಅವರ ದನಿಯಲ್ಲಿ ಈಗ ಸ್ವಲ್ಪ ಗೆಲುವಿತ್ತು. “ಹಂಗಾರ ಇವ್ರು ಸೋಮಾರದಿಂದ ಬರಬೇಕೇನವ್ವಾ ಕೆಲಸಕ್ಕ?”

“ಇಲ್ಲ ಕಾಕು,” ಎಂದೆ. “ಆ ಕೆಲಸ ಈಗ ಅಲ್ಲಿ ಇಲ್ಲ.”

ಹೆಂಚಿನ ಮೇಲಿನ ರೊಟ್ಟಿ ಒಂದು ಬದಿ ಕಪ್ಪಾಗುತ್ತಿತ್ತು. ಕಾಕು ಅದನ್ನು ತಿರುವಿ ಹಾಕಿದರು. ಒಂದು ತಾಟು ತೊಳೆದು, ಸೆರಗಿನಿಂದ ಒರೆಸಿ, ನನ್ನ ಮುಂದಿಟ್ಟರು.

“ರೊಟ್ಟಿ ಬಿಸಿ ಅದಾವ. ಉಂಡು ಹೋಗು.”

ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಕಾಕಾ ಎದುರಿಗೆ ಕೂತು, ತಾವು ಉಣ್ಣದೆ, ನಾನು ಉಣ್ಣುವುದನ್ನು ನೋಡುತ್ತಿದ್ದರು. ಕಾಕು ಕೇಳದೆಯೇ ಎರಡನೆಯ ರೊಟ್ಟಿ ಹಾಕಿದರು. ಅದನ್ನೂ ತಿಂದೆ.